110 ಕಿಲೋ ತೂಕದವನಿಗೆ 75 ಮಿಲಿಗ್ರಾಂನ ಫ್ಲೂ ಮಾತ್ರೆ ಸಾಲುತ್ತದೆಯೇ?

ಒಂದೇ ಹೊತ್ತಿಗೆ ಎರಡೆರಡು ಮಾತ್ರೆ ನುಂಗಬೇಡಿ. 60 ಕಿಲೋದ ಹೆಂಡತಿಗೂ 110 ಕಿಲೋದ ನಿಮಗೂ ವೈದ್ಯರು ಒಸೆಲ್ಟಾಮಿವಿರ್ ಎಂಬ ಫ್ಲೂ ಮಾತ್ರೆಯನ್ನು ಒಂದೇ ಪ್ರಮಾಣದಲ್ಲಿ ಬರೆದರೆಂದು ನಿಮಗೆ ಅನುಮಾನ. ನಾನೂ ಇದೇ ಅನುಮಾನ ಹೊತ್ತು ಔಷಧಿ ಅಂಗಡಿಯವನೊಂದಿಗೆ ಜಗಳಕ್ಕೆ ನಿಂತವನು. ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುವವನು ಆಗಿದ್ದೇನೆ. ಗಿಡದ ಗಾತ್ರ ನೋಡಿ ಗೊಬ್ಬರ ಹಾಕಿಸುವವನಿಗೆ ಮಾತ್ರೆಯ ಲೆಕ್ಕವೂ ಹಾಗೆಯೇ ಇರಬೇಕೆಂದು ತೋರಿತ್ತು.

ಆಗ ನನ್ನ ತೂಕ 104 ಕಿಲೋ. ಆಟಿ ತಿಂಗಳ ಮಳೆ, ಕರೆಂಟ್ ಇಲ್ಲ, ಆಳುಗಳ ಲೈನ್ ಮನೆಗಳಲ್ಲಿ ಎಲ್ಲರಿಗೂ ಕೆಮ್ಮು. ಬೆಳಿಗ್ಗೆ ಮಸ್ಟರ್ (ಹಾಜರಿ) ಹಾಕುವಾಗ ನನಗೂ ಅಂಟಿತು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿಯೇ ಶುರು ಮಾಡಿದೆ. ಜ್ವರ ಕಾಣಿಸಿದ 48 ಗಂಟೆಯೊಳಗೆ ಎನ್ನುತ್ತಾರಲ್ಲ, ಅದರೊಳಗೆ. ಅತ್ತೆಯವರು ಕೊಟ್ಟ ಕರಿಮೆಣಸಿನ ಬ್ರಾಂಡಿಯನ್ನು ಮಾತ್ರ ಬೇಡವೆಂದೆ, ಅದಕ್ಕೆ ಅವರಿಗೆ ಈಗಲೂ ಮುನಿಸು. ಜ್ವರ ಇಳಿಯಿತು.

ಎಡವಿದ್ದು ಆಮೇಲೆ. ಜ್ವರ ಇಳಿದರೂ ಏದುಸಿರು ಬರುತ್ತಿತ್ತು. ದಪ್ಪಗಿದ್ದೇನೆ, ಅದಕ್ಕೆ ಏದುಸಿರು ಎಂದುಕೊಂಡೆ. ಹೆಂಡತಿಯೂ ಹಾಗೆಯೇ ಅಂದುಕೊಂಡಳು, ಫೋನಿನಲ್ಲಿ ಕೇಳಿದ ಒಬ್ಬ ವೈದ್ಯರೂ ಒಂದು ಪ್ರಶ್ನೆಯನ್ನೂ ಹಾಕದೆ "ತೂಕ ಇಳಿಸಿ" ಎಂದು ಫೋನ್ ಇಟ್ಟರು. ಇಳಿಜಾರು ಹತ್ತುವಾಗ ನನಗೆ ಏದುಸಿರು ಬರುವುದು ಹೊಸದಲ್ಲ. ಆದರೆ ಈಗ ಬರುತ್ತಿದ್ದದ್ದು ಜಗಲಿಯಲ್ಲಿ ಕುಳಿತಾಗ, ಬಚ್ಚಲಿಗೆ ಹೋಗಿ ಬಂದಾಗ, ಅಂಗಾತ ಮಲಗಿದಾಗ. ಈ ವ್ಯತ್ಯಾಸವನ್ನು ನೋಡಲಿಲ್ಲ ನಾನು. ತೂಕ ರಾತ್ರೋರಾತ್ರಿ ಏರುವುದಿಲ್ಲ. ಹೋದ ವಾರ ಇದ್ದಷ್ಟೇ ತೂಕ ಈ ವಾರವೂ ಇರುವಾಗ ಉಸಿರು ಮಾತ್ರ ಕೆಟ್ಟರೆ ಕಾರಣ ತೂಕವಲ್ಲ, ಬೇರೇನೋ ಸೇರಿಕೊಂಡಿದೆ. ಕೂಲಿ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಹಿಡಿಯುವ ನನಗೆ ಇಷ್ಟು ಹೊಳೆಯಲಿಲ್ಲ. ಹುಡುಗಪ್ರಾಯದಿಂದಲೂ ಕಾಲು ನೋವಾದರೂ, ಹಲ್ಲು ನೋವಾದರೂ ತೂಕದ ಮೇಲೆಯೇ ಹಾಕಿಸಿಕೊಂಡು ಬಂದ ಅಭ್ಯಾಸ.

ಫೋನಿನಲ್ಲಿ ಆಳುಗಳ ಹೆಸರು ಓದಿ ಹೇಳುತ್ತಿದ್ದೆ. ಎರಡು ಹೆಸರಿಗೊಮ್ಮೆ ನಿಲ್ಲುತ್ತಿರುವುದನ್ನು ಕೇಳಿಸಿಕೊಂಡ ಸಾಹುಕಾರರ ಮಗ ಆಶಾ ಕಾರ್ಯಕರ್ತೆಯನ್ನು ಕಳುಹಿಸಿದ. ರಕ್ತದ ಆಮ್ಲಜನಕ ಅಳೆಯುವ ಅವಳ ಆಕ್ಸಿಮೀಟರ್ ಶೇ 88 ತೋರಿಸಿತು. ದಾರಿಗೆ ಬಿದ್ದ ಮರ ಕಡಿಸಿ, ಜೀಪಿನಲ್ಲಿ ಮಡಿಕೇರಿಗೆ ಒಯ್ದರು. ನ್ಯುಮೋನಿಯಾ ಆಗಿತ್ತು. ಆಮ್ಲಜನಕ ಕೊಟ್ಟು ಉಳಿಸಿದರು. ಆ ವರ್ಷದ ಕೊಯ್ಲಿಗೆ ಮೇಲಿನ ತೋಟ ಹತ್ತಲಾಗದೆ ಕಣದಲ್ಲಿ ಕುಳಿತು ಚೀಲ ಎಣಿಸಿದೆ.

ಈಗ ನಿಮ್ಮ ಮಾತ್ರೆಯ ಮಾತು. ಒಸೆಲ್ಟಾಮಿವಿರ್ ಅನ್ನು ತೂಕ ನೋಡಿ ಕೊಡುವುದು ಮಕ್ಕಳಿಗೆ. 40 ಕಿಲೋ ದಾಟಿದ ಮೇಲೆ ಎಲ್ಲರಿಗೂ 75 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 5 ದಿನ. ಅದು ಕೊಬ್ಬಿನಲ್ಲಿ ಹೋಗಿ ಕೂರುವ ಔಷಧಿಯಲ್ಲ. ದೇಹದ ನೀರಿನಲ್ಲಿ ಹರಡಿ ಮೂತ್ರಪಿಂಡದ ದಾರಿಯಲ್ಲಿ ಹೊರಹೋಗುತ್ತದೆ. ಹಾಗಾಗಿ ಮೂತ್ರಪಿಂಡ ಸೋತವರಿಗೆ ಪ್ರಮಾಣ ಇಳಿಸುತ್ತಾರೆ, ಹೊಟ್ಟೆ ದೊಡ್ಡದೆಂದು ಏರಿಸುವುದಿಲ್ಲ. ಆಗ್ನೇಯ ಏಷ್ಯಾದ ಆಸ್ಪತ್ರೆಗಳಲ್ಲಿ ತೀವ್ರ ಫ್ಲೂ ಇದ್ದವರಿಗೆ ಎರಡು ಪಟ್ಟು ಕೊಟ್ಟೂ ನೋಡಿದ್ದಾರೆ; 2013ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಬಲೋಕ್ಸಾವಿರ್ ಎಂಬ ಇನ್ನೊಂದು ಔಷಧಿಗೆ ಮಾತ್ರ 80 ಕಿಲೋದ ಗಡಿಯಿದೆ: ಕೆಳಗಿದ್ದರೆ 40 ಮಿಲಿಗ್ರಾಂ, 80 ಮುಟ್ಟಿದರೆ 80. ನಿಮ್ಮ ಚೀಟಿಯಲ್ಲಿರುವುದು ಅದಲ್ಲ. ಊಟದ ಜೊತೆ ನುಂಗಿ, ವಾಕರಿಕೆ ಕಡಿಮೆ.

ತೂಕಕ್ಕೂ ಫ್ಲೂಗೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2009ರ ಎಚ್1ಎನ್1 ಹಾವಳಿಯಲ್ಲಿ ಅತಿಯಾದ ಬೊಜ್ಜೂ ಒಂದು ಅಪಾಯ ಎಂಬುದು ಎದ್ದು ಕಂಡಿತು. ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವನ್ನು) ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶದ ಬುಡಕ್ಕೆ ಗಾಳಿ ಇಳಿಯುವುದಿಲ್ಲ. ದಿಂಬು ಏರಿಸಿ ಒರಗಿಕೊಳ್ಳಿ, ಆಗಾಗ ಎದ್ದು ಕೂರಿ. ನಿಕರಾಗುವಾದ ಮನಾಗುವಾದಲ್ಲಿ ಕುಟುಂಬಗಳನ್ನು ಹಿಂಬಾಲಿಸಿ ಮಾಡಿದ ಅಧ್ಯಯನವೊಂದರಲ್ಲಿ, ರೋಗಲಕ್ಷಣವಿದ್ದ ಬೊಜ್ಜಿನ ವಯಸ್ಕರು ಎ ಮಾದರಿಯ ಫ್ಲೂ ವೈರಸ್ಸನ್ನು ಉಳಿದವರಿಗಿಂತ ಶೇ 42ರಷ್ಟು ಹೆಚ್ಚು ಕಾಲ ಹೊರಹಾಕುತ್ತಿದ್ದುದು ಕಂಡುಬಂತು. ಮನೆಯಲ್ಲಿ ಅಜ್ಜಿಯೋ ಎಳೆಮಗುವೋ ಇದ್ದರೆ ಜ್ವರ ಬಿಟ್ಟ ಮೇಲೂ ಕೆಲವು ದಿನ ದೂರವಿರಿ.

ಹಸಿವಿಲ್ಲದಿರುವುದೇ ತೂಕ ಇಳಿಸಲು ಒಳ್ಳೆಯ ಸಮಯ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಗಂಜಿಯೋ ನೂಲ್ಪುಟ್ಟೋ, ಹೋದಷ್ಟು ತಿನ್ನಿ. ತೂಕ ಇಳಿಸುವ ಕೆಲಸ ಮುಂದಿನ ಬೇಸಿಗೆಗೆ ಇರಲಿ. ಲಸಿಕೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಾಕಿಸಿಕೊಳ್ಳಿ, ನಾನು ಹಾಕಿಸಿಕೊಳ್ಳುತ್ತೇನೆ.

ಒಂದು ಆಕ್ಸಿಮೀಟರ್ ತಂದಿಟ್ಟು ಕುಳಿತಲ್ಲೇ ದಿನಕ್ಕೆ ಕೆಲವು ಬಾರಿ ನೋಡಿಕೊಳ್ಳಿ. 94ಕ್ಕಿಂತ ಕೆಳಗಿಳಿದರೆ, ಮಾತು ಮುಗಿಸಲು ಉಸಿರು ಸಾಲದಿದ್ದರೆ, ಅಥವಾ ಬಿಟ್ಟ ಜ್ವರ ಮತ್ತೆ ಏರಿದರೆ ಆಸ್ಪತ್ರೆಗೆ ಹೊರಡಿ. ಅಲ್ಲಿ ಯಾರಾದರೂ "ದಪ್ಪಗಿದ್ದೀರಲ್ಲ, ಅದಕ್ಕೆ" ಎಂದರೆ, ಹೋದ ವಾರ ಹೀಗಿರಲಿಲ್ಲ ಎಂದು ಗಟ್ಟಿಯಾಗಿ ಹೇಳಿ, ಎಕ್ಸ್‌ರೇ ತೆಗೆಸಿರೆಂದು ಕೇಳಿ. ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇದೆಯೇ ಎಂಬುದನ್ನು ನೀವು ಪ್ರಶ್ನೆಯಲ್ಲಿ ಬರೆದಿಲ್ಲ. ಇದ್ದರೆ ಚೀಟಿ ಬರೆದ ವೈದ್ಯರಿಗೆ ಇವತ್ತೇ ತಿಳಿಸಿ.