ವೆಲಾಸಿರ್ಯಾಪ್ಟರ್‌ಗೆ ಮಗು ಹೆದರಿದರೆ

ಪ್ರಶ್ನೆ: ನನ್ನ ಆರು ವರ್ಷದ ಮಗನಿಗೆ ವೆಲಾಸಿರ್ಯಾಪ್ಟರ್ ಎಂಬ ಡೈನೋಸಾರ್ ಎಂದರೆ ಬಹಳ ಕುತೂಹಲ. ಆದರೆ ಅದನ್ನು ಸಿನಿಮಾದಲ್ಲಿ ಕಂಡ ಮೇಲೆ ರಾತ್ರಿ ಹೆದರುತ್ತಿದ್ದಾನೆ. ಬೇಟೆಯಾಡಿ ಮಾಂಸ ತಿನ್ನುತ್ತಿದ್ದ ಈ ಪ್ರಾಣಿಯನ್ನು ಅವನಿಗೆ ಹೇಗೆ ಪರಿಚಯಿಸಲಿ?

ಉತ್ತರ: ಮೊದಲು ಅದರ ನಿಜವಾದ ಅಳತೆಯನ್ನು ತೋರಿಸಿ. ಗೋಡೆಯ ಮೇಲೆ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ವೆಲಾಸಿರ್ಯಾಪ್ಟರಿನ ಸೊಂಟ ಇರುತ್ತಿದ್ದುದು ಇಷ್ಟೇ ಎತ್ತರದಲ್ಲಿ ಎಂದು ಹೇಳಿ, ಮಗನನ್ನು ಅದರ ಪಕ್ಕದಲ್ಲಿ ನಿಲ್ಲಿಸಿ. ಬಾಲವೂ ಸೇರಿ ಅದರ ಉದ್ದ 2 ಮೀಟರಿನ ಆಸುಪಾಸು. ತೂಕ 15ರಿಂದ 20 ಕಿಲೋ, ಅಂದರೆ ಹೆಚ್ಚುಕಡಿಮೆ ನಿಮ್ಮ ಮಗನಷ್ಟೇ. ಸಿನಿಮಾದವರು ಅದನ್ನು ಆಳೆತ್ತರಕ್ಕೆ ಹಿಗ್ಗಿಸಿದ್ದು ಸಾಲದೆಂಬಂತೆ ಮೈಮೇಲಿನ ಗರಿಗಳನ್ನೂ ಕಿತ್ತುಹಾಕಿದ್ದಾರೆ! ಹಕ್ಕಿಗಳ ರೆಕ್ಕೆಯ ಮೂಳೆಯಲ್ಲಿ ಗರಿಗಳ ಬುಡ ಕೂರುವ ಕಡೆ ಸಣ್ಣ ಉಬ್ಬುಗಳ ಸಾಲಿರುತ್ತದೆ. ಅಂಥದೇ ಸಾಲನ್ನು ವಿಜ್ಞಾನಿಗಳು 2007ರಲ್ಲಿ ವೆಲಾಸಿರ್ಯಾಪ್ಟರಿನ ಮುಂಗೈ ಮೂಳೆಯಲ್ಲೂ ಗುರುತಿಸಿದರು. ಗರಿಗಳಿದ್ದರೂ ಅದು ಹಾರುತ್ತಿರಲಿಲ್ಲ, ತೋಳುಗಳು ಅಷ್ಟು ಉದ್ದವಿರಲಿಲ್ಲ.

ಮಕ್ಕಳಿಗೆ ಬಹಳ ಇಷ್ಟವಾಗುವುದು ಅದರ ಕಾಲು. ಅಂಗೈ ಕೆಳಗಾಗಿಸಿ, ತೋರುಬೆರಳನ್ನು ಮೇಲೆತ್ತಿಕೊಂಡು, ನಡುಬೆರಳು ಮತ್ತು ಉಂಗುರಬೆರಳುಗಳನ್ನಷ್ಟೇ ಮೇಜಿನ ಮೇಲೆ ಊರಿ 'ನಡೆಸಲು' ಹೇಳಿ. ವೆಲಾಸಿರ್ಯಾಪ್ಟರ್ ಓಡುತ್ತಿದ್ದುದೂ ಹೀಗೆಯೇ, ಎರಡು ಬೆರಳುಗಳ ಮೇಲೆ. ಮೇಲೆತ್ತಿದ ಬೆರಳಿನಲ್ಲಿ ಕುಡುಗೋಲಿನಂತೆ ಬಾಗಿದ, ಸುಮಾರು 6 ಸೆಂಟಿಮೀಟರ್ ಉದ್ದದ ಉಗುರಿತ್ತು. ನೆಲಕ್ಕೆ ತಾಗದ ಕಾರಣ ಅದು ಸವೆಯುತ್ತಿರಲಿಲ್ಲ.

ಬೇಟೆಯ ವಿಷಯವನ್ನು ಮುಚ್ಚಿಡಬೇಡಿ. ಅದನ್ನು ಹೇಳುವುದಕ್ಕೆ ಕಲ್ಲಾಗಿ ಉಳಿದ ಒಂದು ದೃಶ್ಯವೇ ಇದೆ. ಸುಮಾರು 7.5 ಕೋಟಿ ವರ್ಷಗಳ ಹಿಂದೆ ಈ ಪ್ರಾಣಿ ಬದುಕಿದ್ದ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ, 1971ರಲ್ಲಿ, ಒಂದು ವೆಲಾಸಿರ್ಯಾಪ್ಟರ್ ಮತ್ತು ಸಸ್ಯಾಹಾರಿಯಾದ ಒಂದು ಪ್ರೊಟೊಸೆರಾಟಾಪ್ಸ್ ಒಂದಕ್ಕೊಂದು ಹೆಣೆದುಕೊಂಡ ಸ್ಥಿತಿಯಲ್ಲೇ ಸಿಕ್ಕವು. ಬೇಟೆಗಾರನ ಉಗುರು ಎದುರಾಳಿಯ ಕುತ್ತಿಗೆಯ ಬಳಿಯಿದೆ. ಬೇಟೆಗಾರನ ಬಲಗೈ ಎದುರಾಳಿಯ ಬಾಯಲ್ಲಿ ಸಿಕ್ಕಿಕೊಂಡಿದೆ. 'ಗೆದ್ದವರು ಯಾರು' ಎಂದು ಮಗ ಕೇಳಿಯೇ ಕೇಳುತ್ತಾನೆ. ಯಾರೂ ಗೆಲ್ಲಲಿಲ್ಲ, ಮರಳು ಕುಸಿದು ಎರಡೂ ಹೂತುಹೋಗಿರಬೇಕು ಎಂದು ಇದ್ದುದನ್ನು ಇದ್ದಂತೆಯೇ ಹೇಳಿ. ಹಸಿವಾದಾಗ ಬೇಟೆಯಾಡುತ್ತಿದ್ದ, ಕೆಲವೊಮ್ಮೆ ತಾನೇ ಪೆಟ್ಟು ತಿನ್ನುತ್ತಿದ್ದ ಒಂದು ಪ್ರಾಣಿ ಅದು ಎಂದಾದರೆ 'ರಾಕ್ಷಸ' ಎಂಬ ಮಾತನ್ನು ಬಳಸುವ ಅಗತ್ಯವೇ ಬೀಳುವುದಿಲ್ಲ. ಈ ಕಥೆಯನ್ನು ಮಾತ್ರ ಮಲಗುವ ಹೊತ್ತಿಗೆ ಬೇಡ, ಹಗಲಲ್ಲಿ ಹೇಳಿ.