ಬರೆ ಜರಿದರೂ ಮನೆ ಉಳಿದಾಗ

ಪ್ರಶ್ನೆ: ಈ ಮಳೆಗೆ ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಜರಿದು ಮಣ್ಣು ಹಿತ್ತಿಲ ತನಕ ಬಂದು ನಿಂತಿತು. ಎಂಟು ದಿನ ಪರಿಹಾರ ಕೇಂದ್ರದಲ್ಲಿದ್ದು ಈಗ ವಾಪಸಾಗಿದ್ದೇವೆ. ದೇವರಿಗೆ ಕೃತಜ್ಞತೆ ಹೇಳಲು ಮನೆಯಲ್ಲಿ ಸ್ತೋತ್ರ ಕೂಟ ಇಡಬೇಕೆಂದಿದ್ದೇವೆ. ಆದರೆ ಪಕ್ಕದ ಮನೆಯವರ ಕಾಫಿ ತೋಟ ಅರ್ಧಕ್ಕರ್ಧ ಹೋಗಿದೆ. ಅವರೆದುರು ಹಾಡಿ ಕೊಂಡಾಡುವುದು ಸರಿಯೇ? ಏನು ಓದಬೇಕು?
– ಓದುಗರು, ಮಾದಾಪುರ

ಉತ್ತರ: ಸರಿಯೇ. ಆದರೆ ಅವರನ್ನೂ ಕರೆಯಿರಿ.

ಬೈಬಲಿನ 40ನೇ ಕೀರ್ತನೆ ನಿಮಗೆ ಹೇಳಿ ಬರೆದಂತಿದೆ. ಕೆಸರಿನಿಂದ ಮೇಲೆತ್ತಿ ಬಂಡೆಯ ಮೇಲೆ ನಿಲ್ಲಿಸಿದ ಮಾತು 2ನೇ ವಚನದಲ್ಲೇ ಬರುತ್ತದೆ. ಬರೆ ಜರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 10ನೇ ವಚನದ ತನಕ ಸ್ತುತಿ, 11ರಿಂದ ಮತ್ತೆ ಮೊರೆ. ಮೊದಲ ಭಾಗವನ್ನು ನೀವು ಓದಿ, ಉಳಿದದ್ದನ್ನು ಪಕ್ಕದ ಮನೆಯವರಿಗಾಗಿ ಎಲ್ಲರೂ ಸೇರಿ ಓದಿ. 10ಕ್ಕೇ ಪುಸ್ತಕ ಮುಚ್ಚಿದರೆ ಅದು ನಿಮ್ಮೊಬ್ಬರ ಸಂಭ್ರಮ ಆಗಿಬಿಡುತ್ತದೆ.

ಜನ ಹೆಚ್ಚಿದ್ದರೆ 107ನೇ ಕೀರ್ತನೆ ಒಳ್ಳೆಯದು. ದಾರಿ ತಪ್ಪಿದವರು, ಸೆರೆಯವರು, ಕಾಯಿಲೆಯವರು, ಕಡಲಲ್ಲಿ ಸಿಕ್ಕಿದವರು ಹೀಗೆ ದೇವರು ಬಿಡಿಸಿದ ನಾಲ್ಕು ಗುಂಪು ಅದರಲ್ಲಿವೆ. ಒಬ್ಬರು ಓದಲಿ; 8, 15, 21, 31ನೇ ವಚನಗಳು ಒಂದೇ ಪಲ್ಲವಿ, ಅದನ್ನು ಎಲ್ಲರೂ ಹೇಳಲಿ. ಓದುವವರು ಕೈ ಎತ್ತಿ ಸೂಚನೆ ಕೊಡದಿದ್ದರೆ ಅರ್ಧ ಜನ ಮೊದಲೇ ಶುರು ಮಾಡುತ್ತಾರೆ. 32ಕ್ಕೆ ನಿಲ್ಲಿಸಿ, ಮುಂದೆ ವಿಷಯ ಬೇರೆ.

ಸಾಕ್ಷಿ, ಅಂದರೆ ದೇವರು ಕಾಪಾಡಿದ್ದನ್ನು ನೀವೇ ಹೇಳುವ ಮಾತು, ಐದು ನಿಮಿಷ ಮೀರದಿರಲಿ. ಆದರೆ ‘ಕಷ್ಟ ಬಂತು, ದೇವರು ಬಿಡಿಸಿದ’ ಎಂದಷ್ಟೇ ಹೇಳಿ ಮುಗಿಸಲೂಬೇಡಿ. ಎಷ್ಟು ಗಂಟೆಗೆ ಸದ್ದು ಕೇಳಿತು, ಹಗ್ಗ ಹಿಡಿದು ದಾಟಿಸಿದವರು ಯಾರು, ಎಲ್ಲ ಬರಲಿ. ಕೀರ್ತನೆಗಳೂ ಹಾಗೇ, ಬಿದ್ದ ಗುಂಡಿಯನ್ನು ತೋರಿಸಿಯೇ ಹಾಡುತ್ತವೆ.

ಹಾಡು ಮೂರು ಸಾಕು. ಶೀಟಿನ ಮೇಲೆ ಮಳೆ ಬಡಿಯುವಾಗ ಎಲ್ಲರೂ ಶ್ರುತಿ ಏರಿಸುತ್ತಾರೆ, ಎರಡನೇ ಚರಣಕ್ಕೆ ಗಂಟಲು ಕೈಕೊಡುತ್ತದೆ. ಆದ್ದರಿಂದ ಶ್ರುತಿಯನ್ನು ಒಂದು ಮೆಟ್ಟಿಲು ಇಳಿಸಿಯೇ ಹಿಡಿಯಿರಿ. ಕೀಬೋರ್ಡ್ ನಂಬಬೇಡಿ, ಕರೆಂಟು ಯಾವಾಗ ಹೋಗುತ್ತದೋ! ಹಾರ್ಮೋನಿಯಂ ಇಲ್ಲದಿದ್ದರೆ ಚಪ್ಪಾಳೆ.

ಊಟ ಬಿಡಬೇಡಿ. ಬೈಬಲಿನ ಯಾಜಕಕಾಂಡದ 7ನೇ ಅಧ್ಯಾಯದಲ್ಲಿ ಕೃತಜ್ಞತೆಯ ಬಲಿಯ ಜೊತೆ ಎಣ್ಣೆ ಬೆರೆಸಿದ ಹುಳಿ ಬರಿಸದ ರೊಟ್ಟಿ, ಹುಳಿ ಬರಿಸಿದ ರೊಟ್ಟಿ ಎರಡೂ ಇವೆ. ಮಾಂಸವನ್ನು ಆ ದಿನವೇ ತಿಂದು ಮುಗಿಸಬೇಕು, ಬೆಳಗಿನ ತನಕ ಇಡುವಂತಿಲ್ಲ. ಒಂದು ಮನೆಯವರಿಂದ ಆಗುವ ಕೆಲಸವೇ? ನೆರೆಹೊರೆ ಸೇರಲೇಬೇಕು. ನಿಮ್ಮಲ್ಲಿ ಅಕ್ಕಿ ರೊಟ್ಟಿ, ಕಾಫಿ ಆದರೂ ಸಾಕು. ಕೂಟಕ್ಕೆ ಬರಲಾಗದವರ ಮನೆಗೆ ಬಿಸಿಯಿರುವಾಗಲೇ ಮುಟ್ಟಿಸಿ.

ಪ್ರಶ್ನೆ: ಸ್ತೋತ್ರ ಕೂಟದಲ್ಲಿ ಮಕ್ಕಳು ಕುಣಿಯುತ್ತಾರೆ, ತಡೆಯಬೇಕೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಯಾಕೆ ತಡೆಯುತ್ತೀರಿ? ಕೆಂಪು ಸಮುದ್ರ ದಾಟಿದ ಮೇಲೆ ಮೋಶೆಯ ಅಕ್ಕ ಮಿರ್ಯಾಮಳೇ ದಮ್ಮಡಿ ಹಿಡಿದು ಹೊರಟಳು, ಹೆಂಗಸರು ಕುಣಿಯುತ್ತ ಹಿಂದೆ ಹೋದರು. ಅಂಗಳಕ್ಕೆ ಮಾತ್ರ ಬಿಡಬೇಡಿ, ಆಗಸ್ಟಿನಲ್ಲಿ ಪಾಚಿ ಕಟ್ಟಿರುತ್ತದೆ. ಜಗಲಿಯಲ್ಲಿ ಕುಣಿಯಲಿ.