ಕಾಸರಗೋಡಿನ ಪೆರಿಯದಲ್ಲಿ ಓದಲಿಕ್ಕೆ ಮಲಯಾಳ ಬೇಕಾ?

ಪಾಠಕ್ಕೆ ಬೇಡ ಸಾರ್, ಕ್ಯಾಂಟೀನಿಗೆ ಬೇಕು. ಅದು ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ತಾನಾಗಿ ಬರುತ್ತದೆ. ಮಗಳನ್ನು ದಾವಣಗೆರೆಯಿಂದ ನಮ್ಮ ಕಾಸರಗೋಡಿಗೆ ಬಯೊಟೆಕ್ನಾಲಜಿ ಎಂಎಸ್ಸಿಗೆ ಧೈರ್ಯವಾಗಿ ಕಳಿಸಿ. ಆದರೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಆ ಹೆಸರಿನ ಬೋರ್ಡು ಹುಡುಕಬೇಡಿ. ಅಲ್ಲಿರುವುದು ಜೀನೋಮಿಕ್ ಸೈನ್ಸ್, ಬಯೊಕೆಮಿಸ್ಟ್ರಿ, ಪ್ಲಾಂಟ್ ಸೈನ್ಸ್. ಕೆಲಸ ಮಾತ್ರ ಅದೇ: ಡಿಎನ್‌ಎ ತೆಗೆ, ಅದರ ಪ್ರತಿ ಹೆಚ್ಚಿಸಲು ಪಿಸಿಆರ್‌ಗೆ ಇಡು, ತುಣುಕು ಬೇರ್ಪಡಿಸಲು ಜೆಲ್‌ನಲ್ಲಿ ಓಡಿಸು, ಬ್ಯಾಂಡ್ ಎಂಬ ಗೆರೆ ಕಾಣದಿದ್ದರೆ ಪುನಃ ಮೊದಲಿಂದ. ಸೇರಲು ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಡಿಗ್ರಿಯ ಮೇಲೆ ಬಯೊಟೆಕ್ನಾಲಜಿ ಎಂದೇ ಇರಬೇಕೆಂಬ ಹಟ ಇದ್ದರೆ ಗಡಿಯ ತಲಪಾಡಿ ದಾಟಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಉಂಟು. ನಮ್ಮ ಕಡೆಯ ಮಕ್ಕಳೂ ಬಹಳ ಮಂದಿ ಅಲ್ಲಿಗೆ ಹೋಗುತ್ತಾರೆ.

ಭಾಷೆಯ ತೊಂದರೆ ನನಗೂ ಆಗಿತ್ತು, ಆದರೆ ಮಲಯಾಳದ್ದಲ್ಲ. ಪೆರ್ಲದ ಹತ್ತಿರ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವ ನಾನು. ಜೀವಕೋಶ, ವರ್ಣತಂತು, ವಂಶವಾಹಿ ಎಲ್ಲ ಬಾಯಿಪಾಠ. ಪ್ಲಸ್‌ಟುವಿನಲ್ಲಿ, ಅಂದರೆ ನಿಮ್ಮ ಪಿಯುಸಿಯಲ್ಲಿ, ಮೇಷ್ಟ್ರು ‘ಸೆಲ್’ ಎಂದಾಗ ನೆನಪಾದದ್ದು ಅಜ್ಜನ ಟಾರ್ಚು. ಪಕ್ಕದಲ್ಲಿ ಕೂತ ಮಲಯಾಳ ಮಾಧ್ಯಮದ ಹುಡುಗನದ್ದೂ ಅದೇ ಅವಸ್ಥೆ. ನಮ್ಮ ದ್ಯುತಿಸಂಶ್ಲೇಷಣೆಯನ್ನು ಅವ ಪ್ರಕಾಶಸಂಶ್ಲೇಷಣಂ ಎಂದು ಕಲಿತಿದ್ದ. ಸಂಶ್ಲೇಷಣೆ ಇಬ್ಬರಿಗೂ ಗೊತ್ತು, ಫೋಟೋಸಿಂಥೆಸಿಸ್ ಇಬ್ಬರಿಗೂ ಗೊತ್ತಿಲ್ಲ. ದೋಸ್ತಿ ಶುರುವಾದದ್ದು ಹಾಗೆ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಈ ಪಠ್ಯ ಇಲ್ಲಿ ತೋಟದಲ್ಲೇ ಉಂಟು. ಕಾಸರಗೋಡು ಇನ್ನೂ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, 1916ರಲ್ಲಿ, ಇಲ್ಲಿ ತೆಂಗು ಸಂಶೋಧನಾ ಕೇಂದ್ರ ಶುರುವಾಯಿತು. 1970ರಿಂದ ಅದು ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿಗೆ ಬಾಳೆಯ ಹಾಗೆ ಕಂದು ಬರುವುದಿಲ್ಲ, ಗೆಲ್ಲು ಕಡಿದು ನೆಡುವ ಹಾಗೂ ಇಲ್ಲ. ಅಜ್ಜಿ ಮೆಚ್ಚಿದ ಮರದ ಕಾಯಿಯನ್ನೇ ನೆಟ್ಟರೂ ಅದೇ ಗುಣದ್ದು ಬರುತ್ತದೆಂದು ಹೇಳಲಾಗದು, ಎತ್ತರದ ತಳಿಯಲ್ಲಿ ಪರಾಗ ಯಾವ ಮರದ್ದೋ ಏನೋ. ಗಿಡದ ತುಣುಕನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವ ಟಿಶ್ಯೂ ಕಲ್ಚರ್ ಯಾಕೆ ಬೇಕು ಎಂದು ನನಗೆ ತಲೆಗೆ ಹೋದದ್ದು ಸ್ಲೈಡಿನಿಂದಲ್ಲ, ಆ ಮರದಿಂದ. ಬಾಳೆಗೆ ಸಲೀಸಾದದ್ದು ತೆಂಗಿಗೆ ಅಷ್ಟು ಸಲೀಸಲ್ಲ. ಕಂದು ಬಿಡದ ಮರದ ತುಣುಕು ಬಾಟಲಿಯೊಳಗೆ ಹೆಚ್ಚಾಗಿ ಕಂದುಗಟ್ಟಿ ಸಾಯುತ್ತದೆ. ಅಡಿಕೆ ಸ್ವಲ್ಪ ಮಾತು ಕೇಳುತ್ತದೆ. ನಾಗನಿಗೆ ಇಡುವ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಅದರ ಎಳೆ ತುಣುಕಿನಿಂದ ಸಸಿ ಮಾಡಿದ್ದಾರೆ. ಇದನ್ನು ಮನೆಯಲ್ಲಿ ದೊಡ್ಡದಾಗಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: ‘ಮಹಾಳಿ ಬಾರದ ಸಸಿ ಉಂಟಾ?’ ನಾನು ಸುಮ್ಮನಾದೆ. ಮಳೆಗಾಲದ ಆ ಕೊಳೆರೋಗಕ್ಕೆ ನಮ್ಮಲ್ಲಿ ಈಗಲೂ ಮೈಲುತುತ್ತು, ಸುಣ್ಣವೇ ಗತಿ.

ಎಲ್ಲ ಪಾಠ ಇಷ್ಟು ಹಗುರ ಅಲ್ಲ. ನನ್ನ ಎಣ್ಮಕಜೆ ಪಂಚಾಯತು, ಕ್ಯಾಂಪಸ್ಸಿರುವ ಪುಲ್ಲೂರು-ಪೆರಿಯ, ಎರಡೂ ಎಂಡೋಸಲ್ಫಾನ್ ಪೀಡಿತ ಪಟ್ಟಿಯಲ್ಲಿರುವವು. 2000ದವರೆಗೆ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಬಿಟ್ಟ ಕೀಟನಾಶಕ ಅದು. ಕ್ಲಾಸಿನಲ್ಲಿ ಆ ಹೆಸರು ಬಂದರೆ ನಮ್ಮ ಬೆಂಚಿನವರ ಪೆನ್ನು ನಿಲ್ಲುತ್ತಿತ್ತು.

ನಾನು ಓದುವುದು ಎಂಥದ್ದೆಂದು ಅಮ್ಮನಿಗೆ ನೆಂಟರ ಹತ್ತಿರ ಹೇಳಲಿಕ್ಕೆ ಆಗುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ಈಚೆ ಉಳಿದೆವು. ಆ ವರ್ಷ ಪೆರಿಯದ ಲ್ಯಾಬಿನಲ್ಲೇ ಕೋವಿಡ್ ಪರೀಕ್ಷೆ ನಡೆಯಿತು. ಅಲ್ಲಿಂದ ಅಮ್ಮನ ಉತ್ತರ ಸುಲಭವಾಯಿತು: ‘ಅದೇ, ಮೂಗಿಗೆ ಕಡ್ಡಿ ಹಾಕಿ ನೋಡ್ತಾರಲ್ಲ, ಆ ಪಿಸಿಆರ್.’

ರೈಲಿನಲ್ಲಿ ಬಂದರೆ ಕಾಞಂಗಾಡಿನಲ್ಲಿ ಇಳಿಯಿರಿ. ಅದಕ್ಕೆ ನಾವು ಹೊಸದುರ್ಗ ಎನ್ನುವುದೂ ಉಂಟು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗಕ್ಕೆ ಟಿಕೆಟು ಮಾಡಿಬಿಟ್ಟೀರಿ ಮಾರಾಯ್ರೆ.